ಪೆಡಿಗ್ರಿ ಕಾಗದದಲ್ಲಿ ಇಲ್ಲದ ನಾಯಿಗಳು

ಐದು ತಲೆಮಾರಿನ ಪೆಡಿಗ್ರಿ ಕಾಗದದಲ್ಲಿ, ಅಂದರೆ ತಳಿ ನಾಯಿಯ ವಂಶಾವಳಿಯಲ್ಲಿ, 62 ಹೆಸರುಗಳಿರುತ್ತವೆ. ಅಪ್ಪ ಅಮ್ಮ ಎರಡು, ಅವರ ಅಪ್ಪ ಅಮ್ಮಂದಿರು ನಾಲ್ಕು, ಹೀಗೇ ದುಪ್ಪಟ್ಟಾಗುತ್ತಾ ಹೋಗಿ ಕೊನೆಯ ಸಾಲಿಗೆ ಬರುವಾಗ 32. ಅಲ್ಲಲ್ಲಿ ಹೆಸರಿನ ಹಿಂದೆ 'ಚಾಂಪಿಯನ್' ಅಂತ ಬೇರೆ ಬಣ್ಣದಲ್ಲಿ ಅಚ್ಚಾಗಿರುತ್ತದೆ. ಮರಿ ಕೊಳ್ಳಲು ಹೋದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮುತ್ತಜ್ಜ ಯಾವುದೋ ದೊಡ್ಡ ಶೋ ಗೆದ್ದಿದ್ದಾನೆ ಅಂತ ಗೊತ್ತಾದರೆ ಸಾಕು, ಕೈಯಲ್ಲಿರುವ ಮರಿಯ ಮುಖದಲ್ಲೂ ಅದೇ ಗತ್ತು ಕಾಣಿಸತೊಡಗುತ್ತದೆ.

ಆ ಕಾಗದ ಸುಳ್ಳಲ್ಲ. ಆದರೆ ಅದು ಹೇಳದೆ ಬಿಡುವ ಸಂಗತಿ ತುಂಬಾ ಇದೆ. ಆ 62 ನಾಯಿಗಳೂ ಯಾವುದೋ ಸೂಲಿನಲ್ಲಿ ಹುಟ್ಟಿದವು. ಹೆಚ್ಚಿನವಕ್ಕೆ ಒಡಹುಟ್ಟಿದ ಮರಿಗಳಿದ್ದವು. ಗೆದ್ದ ನಾಯಿ, ಮರಿ ಹಾಕಿಸಲು ಉಳಿಸಿಕೊಂಡ ನಾಯಿ ಕಾಗದಕ್ಕೆ ಬಂತು. ಮೂರನೇ ವರ್ಷಕ್ಕೆ ಫಿಟ್ಸ್ ಬಂದದ್ದು, ಗುಡುಗಿದರೆ ಮಂಚದ ಕೆಳಗೆ ಸೇರಿ ದಿನವಿಡೀ ಹೊರಗೆ ಬಾರದ್ದು, ಮನೆಗೆ ಬಂದ ಮಗುವನ್ನು ಕಚ್ಚಿದ್ದು, ಎರಡು ವರ್ಷ ತುಂಬುವ ಮೊದಲೇ ಹಿಂಗಾಲು ಎಳೆಯತೊಡಗಿದ್ದು, ಇವು ಯಾವುವೂ ಅಲ್ಲಿಲ್ಲ. ಅವುಗಳಿಂದ ಮರಿ ತೆಗೆಯಲಿಲ್ಲ, ಹಾಗಾಗಿ ಯಾರ ಪೆಡಿಗ್ರಿಗೂ ಅವುಗಳ ಹೆಸರು ಬರಲಿಲ್ಲ.

ಮರಿ ಕೊಳ್ಳುವವರಿಗೆ ಬೇಕಾದ ಸುದ್ದಿ ಇರುವುದು ಆ ನಾಯಿಗಳ ಹತ್ತಿರವೇ ಅಂತ ನನಗನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಕೊನೆಯ ಸಾಲಿನ ಒಂದು ನಾಯಿಯಿಂದ ಮರಿಗೆ ಬರುವ ಪಾಲು ಸರಾಸರಿ 32ರಲ್ಲಿ ಒಂದು. ಅಂದರೆ ಶೇ. 3ರ ಆಸುಪಾಸು. ಅದೇ ಅಪ್ಪ ಅಮ್ಮನಿಗೆ ಹಿಂದಿನ ಸಲ ಹುಟ್ಟಿದ ಮರಿಗಳ ಜೊತೆ ಈ ಮರಿ ಹಂಚಿಕೊಳ್ಳುವುದು ಸರಾಸರಿ ಅರ್ಧ. ಹಾಗಿರುವಾಗ ಚಾಂಪಿಯನ್ ಮುತ್ತಜ್ಜನ ಫೋಟೋ ನೋಡುತ್ತಾ ಕೂರುವುದಕ್ಕಿಂತ, ಹಿಂದಿನ ಸೂಲಿನ ಒಂದು ನಾಯಿ ಈಗ ಯಾರದೋ ಮನೆಯಲ್ಲಿ ಹೇಗಿದೆ ಅಂತ ಹೋಗಿ ನೋಡುವುದೇ ಮೇಲಲ್ವಾ? ಬ್ಲಡ್‌ಲೈನ್ (ಚಿಕ್ಕದಾಗಿ ಲೈನ್), ಅಂದರೆ ನಾಯಿಯ ವಂಶ, ಅಂದಾಗ ನಾವೆಲ್ಲ ಮೇಲಕ್ಕೆ ನೋಡುತ್ತೇವೆ. ಪಕ್ಕಕ್ಕೆ ನೋಡುವವರು ಕಡಿಮೆ. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಹೆಚ್ಚೂಕಡಿಮೆ ಇಷ್ಟೇ.

ಆದರೆ ಅದಕ್ಕೂ ಮೊದಲು ಒಂದು ಕೆಲಸವಿದೆ. ನಿಮಗೆ ಯಾವ ಗುಣ ಬೇಕು ಅಂತ ನೀವೇ ಬಿಡಿಸಿ ಹೇಳಿಕೊಳ್ಳಬೇಕು. 'ಬುದ್ಧಿವಂತ ನಾಯಿ ಬೇಕು' ಅನ್ನುವುದು ಏನೂ ಹೇಳದ ಮಾತು. ಬುದ್ಧಿವಂತ ನಾಯಿ ಫ್ರಿಜ್ ಬಾಗಿಲು ತೆಗೆಯುವುದನ್ನೂ ಕಲಿಯುತ್ತದೆ. 'ಧೈರ್ಯದ ನಾಯಿ' ಅನ್ನುವುದೂ ಅಷ್ಟೇ. ಅಪರಿಚಿತರನ್ನು ಕಂಡು ಬೊಗಳುವ ನಾಯಿಗಳಲ್ಲಿ ಎಷ್ಟೋ ಹೆದರಿಯೇ ಬೊಗಳುತ್ತಿರುತ್ತವೆ. ಅದನ್ನೇ ಧೈರ್ಯ ಅಂದುಕೊಂಡು ಅಂಥ ಲೈನ್ ಹುಡುಕಿಕೊಂಡು ಹೋಗುವವರಿದ್ದಾರೆ.

ಕೇಳಬೇಕಾದದ್ದು ಹೀಗೆ. ಪಾತ್ರೆ ಬಿದ್ದು ದೊಡ್ಡ ಸದ್ದಾದರೆ ಬೆಚ್ಚಿಬಿದ್ದ ನಾಯಿ ಎಷ್ಟು ಬೇಗ ಮೊದಲಿನಂತಾಗುತ್ತದೆ? (ಬೆಚ್ಚುವುದು ತಪ್ಪಲ್ಲ, ಎಲ್ಲ ನಾಯಿಯೂ ಬೆಚ್ಚುತ್ತದೆ. ನೋಡಬೇಕಾದದ್ದು ಅದು ಸುಧಾರಿಸಿಕೊಳ್ಳುವ ಬಗೆಯನ್ನು.) ಕೆಲಸ ಇಲ್ಲದ ದಿನ ಸುಮ್ನೆ ಮಲಗಿರಬಲ್ಲುದಾ? ಓಡುವ ಬೆಕ್ಕನ್ನು ಕಂಡರೆ ಕರೆದ ಕರೆ ಕೇಳಿಸುತ್ತದಾ? ಪಶುವೈದ್ಯರು ಹಿಡಿದು ನೋಡುವಾಗ ತಡೆದುಕೊಳ್ಳುತ್ತದಾ? ಒಂಟಿಯಾಗಿ ಬಿಟ್ಟರೆ ಏನು ಮಾಡುತ್ತದೆ? ಈ ಪ್ರಶ್ನೆಗಳಿಗೆ ಬ್ರೀಡರ್, ಅಂದರೆ ನಾಯಿಗಳನ್ನು ಕೂಡಿಸಿ ಮರಿ ತೆಗೆಯುವವರು, ತಮ್ಮ ಒಂದೊಂದು ನಾಯಿಯ ಹೆಸರು ಹಿಡಿದು ಉತ್ತರ ಕೊಡಬಲ್ಲರು. 'ಬುದ್ಧಿವಂತಾನಾ?' ಅಂತ ಕೇಳಿದರೆ ಎಲ್ಲರೂ ಹೌದು ಅಂತಲೇ ಅನ್ನುತ್ತಾರೆ.

ಗುಣವನ್ನು ಬಿಡಿಸಿ ನೋಡಿದವರು ಏನು ಮಾಡಬಲ್ಲರು ಅನ್ನುವುದಕ್ಕೆ ಬಾರ್ಡರ್ ಕೋಲಿಯ ಕತೆ ಚೆನ್ನಾಗಿದೆ. 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್ಲೆಂಡ್ ಕಡೆಯ ಆಡಮ್ ಟೆಲ್ಫರ್ ಎಂಬ ಕುರಿಗಾರ ಎರಡು ನಾಯಿಗಳನ್ನು ಕೂಡಿಸಿದ. ಗಂಡು ರಾಯ್, ಸಾಧು ಸ್ವಭಾವದ್ದು, ಆದರೆ ಕುರಿಗಳ ಮೇಲೆ ಅಂಥ ಹಿಡಿತವಿಲ್ಲ. ಹೆಣ್ಣು ಮೆಗ್, ಕುರಿಯನ್ನು ಕಣ್ಣಲ್ಲೇ ನಿಲ್ಲಿಸುವಂಥದ್ದು, ಆದರೆ ಆ ದೃಷ್ಟಿ ಎಷ್ಟು ಜಾಸ್ತಿ ಅಂದರೆ ಕೆಲವು ಸಲ ತಾನೇ ನಿಂತಲ್ಲೇ ನಿಂತುಬಿಡುತ್ತಿತ್ತಂತೆ. ಎರಡೂ ಒಂದೊಂದು ಬಗೆಯಲ್ಲಿ ಕೊರತೆಯ ನಾಯಿಗಳೇ. ಅವಕ್ಕೆ ಹುಟ್ಟಿದ ಓಲ್ಡ್ ಹೆಂಪ್ 1901ರಲ್ಲಿ ಸಾಯುವುದರೊಳಗೆ ಇನ್ನೂರಕ್ಕೂ ಹೆಚ್ಚು ಮರಿಗಳಿಗೆ ಅಪ್ಪನಾಗಿತ್ತು. ಇವತ್ತಿನ ಬಾರ್ಡರ್ ಕೋಲಿಗಳೆಲ್ಲ ತಮ್ಮ ಮೂಲವನ್ನು ಹೇಳಿಕೊಳ್ಳುವುದು ಆ ನಾಯಿಯಿಂದಲೇ. ಈ ಕತೆಯಲ್ಲಿ ನನಗೆ ಇಷ್ಟವಾಗುವುದು ಹೆಂಪ್‌ಗಿಂತ ಅದರ ಅಪ್ಪ ಅಮ್ಮನ ಬಗ್ಗೆ ಜನ ಆಡಿದ ಮಾತು. ಇದಕ್ಕೆ ಇದು ಕಡಿಮೆ, ಅದಕ್ಕೆ ಅದು ಜಾಸ್ತಿ ಅಂತ ಯಾರೋ ಮುಚ್ಚಿಡದೆ ಹೇಳಿದ್ದರು. ಹಾಗಾಗಿ ಅದು ಇಷ್ಟು ವರ್ಷ ಉಳಿದು ಬಂತು.

ತಳಿಯ ಹೆಸರಷ್ಟೇ ಸಾಲದಾ ಅಂತ ಕೇಳುವವರಿದ್ದಾರೆ. ಲ್ಯಾಬ್ರಡಾರ್ ಅಂದಮೇಲೆ ಸಾಧು, ಜರ್ಮನ್ ಶೆಫರ್ಡ್ ಅಂದಮೇಲೆ ಕಾವಲು, ಮತ್ತೇನು ಬೇಕು? 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂತು. 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರು ಪ್ರಶ್ನಾವಳಿ ತುಂಬಿದ್ದರು, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿಸಲಾಗಿತ್ತು. ನಾಯಿ ನಾಯಿಗೂ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ ಅಂತ ಅವರು ಕಂಡುಕೊಂಡರು. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಸ್ವಲ್ಪ ಜಾಸ್ತಿ. ಎಷ್ಟು ಬೇಗ ರೇಗುತ್ತದೆ ಅನ್ನುವುದರಲ್ಲಿ ತೀರಾ ಕಡಿಮೆ.

ಇದನ್ನು ಓದಿ ಕೆಲವರು 'ನೋಡಿ, ರಕ್ತದಲ್ಲಿ ಏನೂ ಇಲ್ಲ, ಎಲ್ಲ ಸಾಕುವುದರಲ್ಲಿದೆ' ಅಂದರು. ಅಧ್ಯಯನ ಹೇಳಿದ್ದು ಅದಲ್ಲ. ನಡವಳಿಕೆಯ ಹಲವು ಗುಣಗಳು ವಂಶದಲ್ಲಿ ಇಳಿದು ಬರುತ್ತವೆ ಅಂತಲೂ ಅವರೇ ತೋರಿಸಿದ್ದಾರೆ. ತಳಿಯ ಹೆಸರಿನ ಕೆಳಗೆ ನೂರು ಬಗೆಯ ನಾಯಿಗಳಿರುತ್ತವೆ, ಅಷ್ಟೇ. ಬೇಟೆ ಮೈದಾನಕ್ಕೆ ಬೆಳೆಸಿದ ಲ್ಯಾಬ್ರಡಾರನ್ನೂ ಶೋಗೆ ಬೆಳೆಸಿದ ಲ್ಯಾಬ್ರಡಾರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದವರಿಗೆ ಇದು ಹೊಸದಲ್ಲ. ಮೊದಲನೆಯದು ತೆಳ್ಳಗೆ, ಚುರುಕು, ಕೂತಲ್ಲಿ ಕೂರದು. ಎರಡನೆಯದು ದಪ್ಪ ತಲೆ, ಅಗಲ ಎದೆ, ಸಮಾಧಾನಿ. ಜರ್ಮನ್ ಶೆಫರ್ಡ್‌ನಲ್ಲೂ ಕೆಲಸದ ಲೈನ್, ಶೋ ಲೈನ್ ಅಂತ ಎರಡು ಲೋಕಗಳೇ ಆಗಿವೆ. 1899ರಲ್ಲಿ ಹೊರಾಂಡ್ ಎಂಬ ನಾಯಿಯನ್ನು ಕೊಂಡು ಆ ತಳಿಯನ್ನು ಕಟ್ಟತೊಡಗಿದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್, ಕೆಲಸ ಮಾಡಬಲ್ಲ ನಾಯಿಯೇ ಒಳ್ಳೆಯ ನಾಯಿ ಅಂತ ಹಟ ಹಿಡಿದಿದ್ದ. ಇವತ್ತಿನ ಕೆಲವು ಶೋ ನಾಯಿಗಳ ಇಳಿಜಾರು ಬೆನ್ನು ನೋಡಿದರೆ ಅವನಿಗೆ ಏನನ್ನಿಸುತ್ತಿತ್ತೋ.

ಅದಕ್ಕೇ ತಳಿ ಆರಿಸಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಲೈನ್ ಆರಿಸಬೇಕು. ಲೈನಿನೊಳಗೆ ಜೋಡಿಯನ್ನು ನೋಡಬೇಕು.

ಇನ್ನೊಂದು ವಿಷಯ. ಗುಣಗಳು ಒಂದೊಂದಾಗಿ ಬರುವುದಿಲ್ಲ. ನೀವು ಕೇಳಿದ್ದರ ಜೊತೆ ಕೇಳದ್ದೂ ಬರುತ್ತದೆ. ಲ್ಯಾಬ್ರಡಾರ್‌ಗಳ ಹೊಟ್ಟೆಬಾಕತನ ಎಲ್ಲರಿಗೂ ಗೊತ್ತು. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಅದಕ್ಕೊಂದು ಕಾರಣ ಹಿಡಿದರು. ಪಿಒಎಂಸಿ ಎಂಬ ಜೀನ್‌ನಲ್ಲಿ ಒಂದು ತುಂಡು ಬಿಟ್ಟುಹೋಗಿದ್ದರೆ 'ಸಾಕು' ಅನ್ನುವ ಸೂಚನೆ ಸರಿಯಾಗಿ ಸಿಗುವುದಿಲ್ಲ. ನಾಯಿ ತಿಂಡಿಯ ಹಿಂದೆ ಬೀಳುತ್ತದೆ, ತೂಕ ಏರುತ್ತದೆ. ಸಾಮಾನ್ಯ ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚೂಕಡಿಮೆ ನಾಲ್ಕರಲ್ಲಿ ಒಂದಕ್ಕೆ ಈ ಬದಲಾವಣೆ ಇತ್ತು. ಅಂಗವಿಕಲರಿಗೆ ನೆರವಾಗಲು ಬೆಳೆಸುವ ನಾಯಿಗಳ ಗುಂಪಿನಲ್ಲಿ ನೋಡಿದರೆ ಸುಮಾರು ಮುಕ್ಕಾಲು ಭಾಗ! ಯಾರೂ ಹಸಿದ ನಾಯಿ ಬೇಕು ಅಂತ ಆರಿಸಿರಲಾರರು. ಬೇಗ ಕಲಿಯುವ ನಾಯಿ ಬೇಕಿತ್ತು. ತಿಂಡಿ ತೋರಿಸಿ ಕಲಿಸುವಾಗ ಬೇಗ ಕಲಿಯುವುದು ಯಾವುದು? ತಿಂಡಿಗೆ ಬಾಯಿಬಿಡುವ ನಾಯಿಯೇ. ಹೀಗೆ ಒಂದನ್ನು ಆರಿಸಲು ಹೋಗಿ ಇನ್ನೊಂದನ್ನೂ ಗುಡ್ಡೆ ಹಾಕಿಕೊಂಡಿರಬಹುದು ಅಂತ ಅವರು ಊಹಿಸಿದರು. ಆ ಊಹೆ ನನಗೆ ಒಪ್ಪಿಗೆಯಾಗುತ್ತದೆ.

ಡಾಲ್ಮೇಷಿಯನ್ ಕತೆ ಇನ್ನೂ ಕಹಿ. ಈ ತಳಿಯಲ್ಲಿ ಯೂರಿಕ್ ಆಮ್ಲವನ್ನು ಒಡೆಯುವ ಕೆಲಸ ಸರಿಯಾಗಿ ನಡೆಯದಿರುವ ದೋಷ ಒಂದೆರಡು ನಾಯಿಗಳಲ್ಲಲ್ಲ, ಇಡೀ ತಳಿಯಲ್ಲೇ ನೆಲೆಯಾಗಿಬಿಟ್ಟಿತ್ತು. ಹಾಗಾಗಿ ಮೂತ್ರದಲ್ಲಿ ಕಲ್ಲು, ಮುಖ್ಯವಾಗಿ ಗಂಡುಗಳಲ್ಲಿ. ತಳಿಯೊಳಗೆ ಒಳ್ಳೆಯ ಜೀನ್ ಇಲ್ಲವೇ ಇಲ್ಲ ಅಂದಮೇಲೆ ಎಷ್ಟು ಒಳ್ಳೆಯ ಬ್ರೀಡರ್ ಆದರೂ ಏನು ಆರಿಸುತ್ತಾರೆ? 1973ರಲ್ಲಿ ಅಮೆರಿಕದ ತಳಿಶಾಸ್ತ್ರಜ್ಞ ರಾಬರ್ಟ್ ಶೈಬಲ್ ಡಾಲ್ಮೇಷಿಯನ್‌ಗೆ ಪಾಯಿಂಟರ್ ಎಂಬ ಬೇರೆ ತಳಿಯ ಒಂದು ನಾಯಿಯನ್ನು ಕೂಡಿಸಿದರು. ಒಂದೇ ಒಂದು ಸಲ. ಆಮೇಲೆ ಪ್ರತಿ ತಲೆಮಾರಿನಲ್ಲೂ ಡಾಲ್ಮೇಷಿಯನ್‌ಗೇ ಕೂಡಿಸುತ್ತಾ, ಯೂರಿಕ್ ಆಮ್ಲ ಸರಿಯಿರುವ ಮರಿಗಳನ್ನಷ್ಟೇ ಉಳಿಸಿಕೊಳ್ಳುತ್ತಾ ಹೋದರು. ಕೆಲವೇ ತಲೆಮಾರಿನಲ್ಲಿ ನೋಟಕ್ಕೆ ಅಪ್ಪಟ ಡಾಲ್ಮೇಷಿಯನ್, ಒಳಗೆ ಆರೋಗ್ಯವಂತ. 1981ರಲ್ಲಿ ತಳಿ ನಾಯಿಗಳ ದಾಖಲೆ ಇಡುವ ಅಮೆರಿಕನ್ ಕೆನಲ್ ಕ್ಲಬ್ ಅಂಥ ಎರಡು ನಾಯಿಗಳನ್ನು ದಾಖಲಿಸಿಕೊಂಡಿತು. ತಳಿಯ ಅಭಿಮಾನಿಗಳು ಗಲಾಟೆ ಮಾಡಿದರು. ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು 2011ರಲ್ಲಿ.

ಮೂವತ್ತು ವರ್ಷ! ರಕ್ತ ಶುದ್ಧವಾಗಿರಬೇಕು ಅನ್ನುವ ಹಟಕ್ಕೆ ಅಷ್ಟು ತಲೆಮಾರಿನ ನಾಯಿಗಳು ನೋವು ತಿಂದವು. 'ನಮ್ಮದು ಶುದ್ಧ ಲೈನ್' ಅಂತ ಯಾರಾದರೂ ಎದೆಯುಬ್ಬಿಸಿ ಹೇಳಿದಾಗಲೆಲ್ಲ ನನಗೆ ಈ ಪಾಯಿಂಟರ್ ನೆನಪಾಗುತ್ತದೆ.

ಶುದ್ಧತೆಯ ಮಾತು ಬಂದಮೇಲೆ ಲೈನ್‌ಬ್ರೀಡಿಂಗ್ ಬಗ್ಗೆಯೂ ಹೇಳಬೇಕು. ಒಳ್ಳೆಯ ಗುಣವನ್ನು ಲೈನಿನಲ್ಲಿ ಗಟ್ಟಿ ಮಾಡಲು ಹತ್ತಿರದ ಸಂಬಂಧದ ನಾಯಿಗಳನ್ನು ಕೂಡಿಸುವುದು ಹಳೆಯ ಪದ್ಧತಿ. ಬ್ರೀಡರ್‌ಗಳ ನಡುವೆ ಒಂದು ಕುಹಕದ ಮಾತಿದೆ: ಚೆನ್ನಾಗಿ ಬಂದರೆ ಲೈನ್‌ಬ್ರೀಡಿಂಗ್, ಕೆಟ್ಟರೆ ಇನ್‌ಬ್ರೀಡಿಂಗ್. ಇದನ್ನು ಅಳೆಯುವ ಲೆಕ್ಕವನ್ನು ತಳಿಶಾಸ್ತ್ರಜ್ಞ ಸೂವಲ್ ರೈಟ್ 1922ರಲ್ಲೇ ಕೊಟ್ಟಿದ್ದಾರೆ: ಒಂದೇ ಪೂರ್ವಜನ ಒಂದೇ ಜೀನ್ ಮರಿಗೆ ಅಪ್ಪ ಅಮ್ಮ ಎರಡೂ ಕಡೆಯಿಂದ ಬರುವ ಸಾಧ್ಯತೆ ಎಷ್ಟು ಅಂತ. ಸಂಬಂಧವಿಲ್ಲದ ಅಪ್ಪ ಅಮ್ಮನಿಗೆ ಹುಟ್ಟಿದ ಅಣ್ಣ ತಂಗಿಯನ್ನು ಕೂಡಿಸಿದರೆ ಹುಟ್ಟುವ ಮರಿಗೆ ಶೇ. 25. ಅಪ್ಪ ಮಗಳಾದರೂ ಅಷ್ಟೇ. ಅಪ್ಪ ಅಥವಾ ಅಮ್ಮ ಒಬ್ಬರೇ ಆಗಿರುವ ಮಲ ಒಡಹುಟ್ಟುಗಳಾದರೆ ಶೇ. 12.5. ಅಣ್ಣತಮ್ಮಂದಿರ ಮಕ್ಕಳ ಮಟ್ಟದ ಸಂಬಂಧವಾದರೆ ಶೇ. 6.25. ಒಳ್ಳೆಯ ಬ್ರೀಡರ್‌ಗೆ ತಮ್ಮ ಸೂಲಿನ ಅಂಕಿ ಗೊತ್ತಿರುತ್ತದೆ. ಎಷ್ಟು ತಲೆಮಾರು ಹಿಡಿದು ಲೆಕ್ಕ ಹಾಕಿದ್ದೀರಿ ಅಂತಲೂ ಕೇಳಿ. ಐದೇ ತಲೆಮಾರು ಹಿಡಿದರೆ ಅಂಕಿ ಸಣ್ಣದಾಗಿ ಕಾಣುತ್ತದೆ. ಹತ್ತು ಹನ್ನೆರಡು ಹಿಡಿದರೆ ಅದೇ ನಾಯಿಯ ಅಂಕಿ ಬೆಳೆದುಬಿಡಬಹುದು. ಈಗ ಡಿಎನ್‌ಎಯಿಂದಲೇ ನೇರವಾಗಿ ಅಳೆಯಬಹುದು, ಅದು ಇನ್ನೂ ನಂಬಿಕೆಗೆ ಅರ್ಹ.

ಈ ಅಂಕಿ ಏರುವುದಕ್ಕೆ ದೊಡ್ಡ ಕಾರಣ ಜನಪ್ರಿಯ ಗಂಡುಗಳು. 1963ರಲ್ಲಿ ಹುಟ್ಟಿದ ವಿಸ್ಟನ್ ಕ್ಯಾಪ್ ಎಂಬ ಬಾರ್ಡರ್ ಕೋಲಿ 1965ರಲ್ಲಿ ಕುರಿ ಕಾಯುವ ನಾಯಿಗಳ ಸ್ಪರ್ಧೆಯ ಇಂಟರ್‌ನ್ಯಾಷನಲ್ ಸುಪ್ರೀಮ್ ಪಟ್ಟ ಗೆದ್ದಿತು. ನಾಯಿ ಚೆಂದ, ಸ್ವಭಾವ ಚೆಂದ, ಕೆಲಸವೂ ಚೆಂದ. ಎಲ್ಲರೂ ತಮ್ಮ ಹೆಣ್ಣುಗಳನ್ನು ಅದರ ಹತ್ತಿರ ಕರೆತಂದರು. ಆ ತಳಿಯ ಬಹಳಷ್ಟು ಪೆಡಿಗ್ರಿಗಳನ್ನು ಹಿಂದಕ್ಕೆ ಹಿಡಿದು ಹೋದರೆ ಅದೇ ಹೆಸರು ಸಿಗುತ್ತದೆ, ಎಷ್ಟೋ ಸಲ ಎರಡೂ ಕಡೆಯಿಂದ. ಒಂದು ನಾಯಿ ಎಷ್ಟೇ ಒಳ್ಳೆಯದಾದರೂ ಅದರೊಳಗೆ ಕಾಣದ ದೋಷದ ಜೀನ್‌ಗಳು ಇದ್ದೇ ಇರುತ್ತವೆ. ಅದರ ಮೊಮ್ಮಕ್ಕಳು ಒಂದಕ್ಕೊಂದು ಕೂಡುವ ಹೊತ್ತಿಗೆ ಅವು ಹೊರಗೆ ಬರುತ್ತವೆ. ಈ ವರ್ಷದ ಚಾಂಪಿಯನ್ ಗಂಡಿನ ಮರಿಯೇ ಬೇಕು ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಆರೋಗ್ಯ ಪರೀಕ್ಷೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಎರಡು ಬಗೆ ಅಂತ ತಿಳಿದರೆ ಸಾಕು. ಒಂದೇ ಜೀನ್‌ನಿಂದ ಬರುವ ಕಾಯಿಲೆಗಳಿಗೆ ಡಿಎನ್‌ಎ ಪರೀಕ್ಷೆ ನೇರ ಉತ್ತರ ಕೊಡುತ್ತದೆ. ಕಣ್ಣಿನ ದೃಷ್ಟಿ ನಿಧಾನವಾಗಿ ಹೋಗುವ ಪಿಆರ್‌ಎ ಕಾಯಿಲೆಯ ಒಂದು ಬಗೆ ಹೀಗಿದೆ. ಎರಡೂ ಕಡೆ ವಾಹಕ ನಾಯಿಗಳಾದರೆ (ತಮಗೆ ಕಾಯಿಲೆ ಇಲ್ಲ, ಆದರೆ ದೋಷದ ಜೀನ್‌ನ ಒಂದು ಪ್ರತಿ ಹೊತ್ತಿರುವಂಥವು) ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ. ಒಂದು ಕಡೆ ಪೂರ್ತಿ ಶುದ್ಧವಿದ್ದರೆ ಯಾವ ಮರಿಗೂ ಬರುವುದಿಲ್ಲ. ಆದ್ದರಿಂದ 'ಇದು ವಾಹಕ' ಅಂತ ಬ್ರೀಡರ್ ತಾವಾಗಿ ಹೇಳಿದರೆ ಓಡಿಹೋಗಬೇಡಿ. ಜೋಡಿ ಸರಿಯಾಗಿದೆಯಾ ನೋಡಿ. ವಾಹಕಗಳನ್ನೆಲ್ಲ ಹೊರಗೆ ಹಾಕುತ್ತಾ ಹೋದರೆ ತಳಿಯೇ ಸಣ್ಣದಾಗುತ್ತದೆ.

ಎರಡನೆಯದು ಹಲವು ಜೀನ್‌ಗಳು ಸೇರಿ, ಜೊತೆಗೆ ತೂಕ, ಬೆಳವಣಿಗೆ ಎಲ್ಲ ಸೇರಿ ಬರುವಂಥದ್ದು. ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್ಪ್ಲೇಸಿಯಾ ಇದಕ್ಕೆ ದೊಡ್ಡ ಉದಾಹರಣೆ. ಇದಕ್ಕೆ ಎಕ್ಸ್‌ರೇ ಬೇಕು. 1966ರಲ್ಲಿ ಶುರುವಾದ ಅಮೆರಿಕದ ಒಎಫ್‌ಎ ಸಂಸ್ಥೆ ಅಂತಿಮ ದರ್ಜೆ ಕೊಡುವುದು ನಾಯಿಗೆ 24 ತಿಂಗಳು ತುಂಬಿದಮೇಲೆ. ಹಾಗಿದ್ದರೆ ಒಂದೂವರೆ ವರ್ಷದ ಹೆಣ್ಣಿನಿಂದ ಮರಿ ತೆಗೆದು 'ಹಿಪ್ಸ್ ಒಎಫ್‌ಎ ಪಾಸ್' ಅನ್ನುವವರ ಮಾತು ಎಷ್ಟು ನಿಜ ಅಂತ ನೀವೇ ನೋಡಿ. ಇಲ್ಲಿ ಅಪ್ಪ ಅಮ್ಮನ ಎಕ್ಸ್‌ರೇ ಮಾತ್ರ ಚೆನ್ನಾಗಿದ್ದರೆ ಸಾಲದು. ಅವುಗಳ ಒಡಹುಟ್ಟಿದವುಗಳಲ್ಲಿ ಅರ್ಧಕ್ಕರ್ಧ ಕುಂಟುತ್ತಿದ್ದರೆ, ಚೆನ್ನಾಗಿ ಕಾಣುವ ಆ ಒಂದು ನಾಯಿಯೂ ಕೆಟ್ಟ ಜೀನ್‌ಗಳನ್ನು ಹೊತ್ತಿರುವ ಸಾಧ್ಯತೆ ಜಾಸ್ತಿ. ಮತ್ತೆ ಅದೇ ಮಾತು, ಪಕ್ಕಕ್ಕೆ ನೋಡಬೇಕು.

ತಡವಾಗಿ ಕಾಣಿಸಿಕೊಳ್ಳುವ ಕಾಯಿಲೆಗಳ ವಿಷಯದಲ್ಲಿ ನನ್ನದೊಂದು ಒಲವಿದೆ: ವಯಸ್ಸಾದ ಗಂಡು. ಕಾರಣ ಸಿಗದ ಮೂರ್ಛೆರೋಗ ಸಾಮಾನ್ಯವಾಗಿ ಶುರುವಾಗುವುದು ಆರು ತಿಂಗಳಿಂದ ಆರು ವರ್ಷದೊಳಗೆ. ಎರಡು ವರ್ಷದ ಗಂಡು ಆರೋಗ್ಯವಾಗಿದೆ ಅಂದರೆ ಇನ್ನೂ ಕಾಯಿಲೆಯ ಸರದಿ ಬಂದಿಲ್ಲ ಅಂತಲೂ ಇರಬಹುದು. ಎಂಟು ವರ್ಷದ ಗಂಡು ಆರೋಗ್ಯವಾಗಿದ್ದರೆ ಅದು ಗಟ್ಟಿ ಸಾಕ್ಷಿ. ಅದರ ಮೊದಲ ಮರಿಗಳೂ ಅಷ್ಟೊತ್ತಿಗೆ ದೊಡ್ಡವಾಗಿರುತ್ತವೆ, ಅವುಗಳನ್ನೂ ನೋಡಬಹುದು. ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯಲ್ಲಿ ಹೃದಯದ ಕವಾಟದ ಕಾಯಿಲೆ ಜಾಸ್ತಿ. ಅದರ ಬ್ರೀಡರ್‌ಗಳಿಗಾಗಿ ಮಾಡಿಕೊಂಡ ನಿಯಮ ನನಗೆ ತುಂಬಾ ಹಿಡಿಸಿತು. ಮರಿ ತೆಗೆಯುವ ಎರಡೂ ನಾಯಿಗಳಿಗೆ ಎರಡೂವರೆ ವರ್ಷ ದಾಟಿರಬೇಕು, ಅವುಗಳ ಅಪ್ಪ ಅಮ್ಮನ ಹೃದಯ ಐದು ವರ್ಷಕ್ಕೂ ಶುದ್ಧವಾಗಿ ಬಡಿಯುತ್ತಿರಬೇಕು. ಅಂದರೆ ಅಜ್ಜ ಅಜ್ಜಿಯನ್ನು ಕೇಳದೆ ಮೊಮ್ಮಗು ಇಲ್ಲ. ಈ ನಿಯಮವನ್ನು ನಿಜವಾಗಿ ಪಾಲಿಸುವವರು ಸಿಕ್ಕರೆ ಬಿಡಬೇಡಿ.

ಈಗ ತಾಯಿಯ ವಿಷಯ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಗಾದೆ. ನಾಯಿಯ ವಿಷಯದಲ್ಲಿ ಇದಕ್ಕೆ ಇನ್ನಷ್ಟು ಬಲವಿದೆ. ಅಪ್ಪ ಕೊಡುವುದು ಜೀನ್ ಮಾತ್ರ. ಎಷ್ಟೋ ಸಲ ಅದು ಬೇರೆ ಊರಿನಲ್ಲಿರುತ್ತದೆ, ಮರಿಗಳ ಮುಖವನ್ನೂ ನೋಡಿರುವುದಿಲ್ಲ. ತಾಯಿ ಜೀನ್ ಕೊಡುತ್ತದೆ, ಗರ್ಭ ಕೊಡುತ್ತದೆ, ಆಮೇಲೆ ಎಂಟು ವಾರ ಜೊತೆಗಿರುತ್ತದೆ. ಅಪರಿಚಿತರು ಬಂದಾಗ ತಾಯಿ ಹೇಗೆ ನಿಲ್ಲುತ್ತದೆ ಅನ್ನುವುದನ್ನು ಮರಿಗಳು ದಿನವೂ ನೋಡುತ್ತವೆ.

ತಾಯಿಯ ಆರೈಕೆ ಎಷ್ಟಿರಬೇಕು ಅನ್ನುವುದರ ಬಗ್ಗೆ ಎರಡು ಅಧ್ಯಯನಗಳು ಒಂದಕ್ಕೊಂದು ಎದುರು ನಿಂತಿವೆ. ಸ್ವೀಡನ್ನಿನಲ್ಲಿ ಸೈನ್ಯಕ್ಕೆಂದು ಬೆಳೆಸುವ ಜರ್ಮನ್ ಶೆಫರ್ಡ್‌ಗಳ 22 ಸೂಲುಗಳನ್ನು ಗಮನಿಸಿದರು. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮೊದಲ ಮೂರು ವಾರ ತಾಯಿ ಜಾಸ್ತಿ ನೆಕ್ಕಿ, ಜಾಸ್ತಿ ಹೊತ್ತು ಜೊತೆಗಿದ್ದ ಮರಿಗಳು ಒಂದೂವರೆ ವರ್ಷದ ಪರೀಕ್ಷೆಯಲ್ಲಿ ಜನರೊಂದಿಗೆ ಹೆಚ್ಚು ಬೆರೆತವು. ಮರುವರ್ಷ ಅಮೆರಿಕದಲ್ಲಿ ಅಂಧರಿಗೆ ದಾರಿ ತೋರಿಸುವ ನಾಯಿಗಳ ಮೇಲೆ ಮಾಡಿದ ಅಧ್ಯಯನ ಬಂತು. ಅಲ್ಲಿ ತಾಯಿ ಅತಿಯಾಗಿ ಮುದ್ದಿಸಿದ ಮರಿಗಳೇ ತರಬೇತಿಯಲ್ಲಿ ಹೆಚ್ಚು ಫೇಲಾದವು. ತಾಯಿ ಮಲಗಿಕೊಂಡು ಸುಲಭವಾಗಿ ಹಾಲು ಕೊಡುವ ಬದಲು ನಿಂತುಕೊಂಡೋ ಕೂತುಕೊಂಡೋ ಕೊಟ್ಟರೆ, ಮರಿ ಸ್ವಲ್ಪ ಕಷ್ಟಪಟ್ಟು ಹಾಲು ಹಿಡಿಯಬೇಕು. ಅಂಥ ಮರಿಗಳು ಹೆಚ್ಚು ಪಾಸಾದವು.

ಯಾರು ಸರಿ? ಎರಡೂ ಇರಬಹುದು. ಎರಡು ಕಡೆಯೂ ಬೇಕಾಗಿದ್ದ ಗುಣ ಬೇರೆ ಬೇರೆ, ತಳಿಗಳೂ ಪೂರ್ತಿ ಒಂದಲ್ಲ. ಆದರೆ ತಾಯಿ ಹೇಗೆ ನೋಡಿಕೊಂಡಿತು ಅನ್ನುವುದು ದೊಡ್ಡವಾದಮೇಲೂ ಕಾಣುತ್ತದೆ ಅನ್ನುವುದರಲ್ಲಿ ಇಬ್ಬರೂ ಒಂದೇ. ತಾಯಿಯನ್ನು ತೋರಿಸಲಾಗುವುದಿಲ್ಲ ಅನ್ನುವ ಬ್ರೀಡರ್ ಹತ್ತಿರ ಮಾತು ಮುಂದುವರಿಸುವ ಅಗತ್ಯ ನನಗಂತೂ ಕಾಣುವುದಿಲ್ಲ. 'ಮರಿ ಹಾಕಿದ್ದರಿಂದ ಸ್ವಲ್ಪ ಸಿಡುಕು' ಅನ್ನುತ್ತಾರೆ. ಮೊದಲ ದಿನಗಳಲ್ಲಿ ಅದು ನಿಜವಿರಬಹುದು. ಏಳನೇ ವಾರದಲ್ಲೂ ತಾಯಿ ಹಲ್ಲು ತೋರಿಸುತ್ತಿದ್ದರೆ ಅದು ಅದರ ಸ್ವಭಾವ.

ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಗಳನ್ನು ವರ್ಷಗಟ್ಟಲೆ ಬೆಳೆಸಿ ನೋಡಿದರು. ಮರಿ ಜನರನ್ನು, ಲೋಕವನ್ನು ಸಹಜವಾಗಿ ಒಪ್ಪಿಕೊಳ್ಳುವ ಕಾಲ ಸುಮಾರು ಮೂರರಿಂದ ಹನ್ನೆರಡನೇ ವಾರ ಅಂತ ತೋರಿಸಿಕೊಟ್ಟದ್ದು ಆ ಕೆಲಸವೇ. 1961ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹದಿನಾಲ್ಕನೇ ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಹತ್ತಿರಕ್ಕೇ ಬರಲಿಲ್ಲ. ನೀವು ಎಂಟನೇ ವಾರಕ್ಕೆ ಮರಿ ತರುತ್ತೀರಿ ಅಂತಿಟ್ಟುಕೊಳ್ಳಿ. ಮೂರರಿಂದ ಎಂಟು, ಐದು ವಾರ ಬ್ರೀಡರ್ ಕೈಯಲ್ಲೇ ಕಳೆದಿರುತ್ತದೆ. ಹಿತ್ತಿಲಿನ ಶೆಡ್ಡಿನಲ್ಲಿ ಬೆಳೆದ ಮರಿಗೆ ಎಂಥ ಬ್ಲಡ್‌ಲೈನ್ ಇದ್ದರೂ ಆ ಐದು ವಾರ ವಾಪಸ್ ಬರುವುದಿಲ್ಲ. ಮಿಕ್ಸಿ ಸದ್ದು, ಮಕ್ಕಳ ಕೂಗು, ಮೆಟ್ಟಿಲು, ಒದ್ದೆ ನೆಲ, ಛತ್ರಿ ಬಿಚ್ಚುವ ಮನುಷ್ಯ, ಇವೆಲ್ಲ ಮರಿ ಕಂಡಿದೆಯಾ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ಸೂಲಿನಲ್ಲಿ ಯಾವ ಮರಿ ಅನ್ನುವುದು ಜನ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವ ಪ್ರಶ್ನೆ. ನನ್ನ ಮಟ್ಟಿಗೆ ಅತಿ ಕಡಿಮೆ ಮುಖ್ಯವಾದದ್ದು. ಬೆನ್ನ ಮೇಲೆ ಮಲಗಿಸಿ ಹಿಡಿಯುವುದು, ಚಪ್ಪಾಳೆ ತಟ್ಟಿ ಕರೆಯುವುದು, ಈ ಪರೀಕ್ಷೆಗಳಿಗೆ ದೊಡ್ಡ ಹೆಸರಿದೆ. ಸ್ವೀಡನ್ನಿನಲ್ಲಿ ನೂರಾರು ಜರ್ಮನ್ ಶೆಫರ್ಡ್ ಮರಿಗಳನ್ನು ಎಂಟನೇ ವಾರಕ್ಕೆ ಪರೀಕ್ಷಿಸಿ, ದೊಡ್ಡವಾದಮೇಲೆ ಮತ್ತೆ ಪರೀಕ್ಷಿಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಮರಿಯ ಪರೀಕ್ಷೆಯಿಂದ ದೊಡ್ಡ ನಾಯಿಯ ಗುಣವನ್ನು ಹೇಳಲಾಗುವುದಿಲ್ಲ ಅಂತ ಅವರು ಕಂಡರು. ನಿದ್ದೆಯಿಂದ ಎದ್ದ ಮರಿ ಮಂಕಾಗಿರುತ್ತದೆ, ಹಾಲು ಕುಡಿದ ಮರಿ ಸಾಧುವಾಗಿರುತ್ತದೆ. ಅರ್ಧ ಗಂಟೆ ನೋಡಿ 'ಇದೇ ನನ್ನನ್ನು ಆರಿಸಿತು' ಅನ್ನುವವರ ಖುಷಿಯನ್ನು ನಾನು ಕೆಡಿಸಲಾರೆ. ಆದರೆ ಎಂಟು ವಾರವೂ ನೋಡಿದ ಬ್ರೀಡರ್‌ಗೆ 'ನಮ್ಮ ಮನೆ ಹೀಗಿದೆ, ನೀವೇ ಆರಿಸಿಕೊಡಿ' ಅನ್ನುವುದು ವಾಸಿ. ಒಳ್ಳೆಯ ಬ್ರೀಡರ್‌ಗಳು ಎಷ್ಟೋ ಸಲ ಆರಿಸಲು ಬಿಡುವುದೂ ಇಲ್ಲ.

ಹಾಗಾದರೆ ಒಳ್ಳೆಯ ಬ್ರೀಡರ್ ಅಂತ ಗೊತ್ತಾಗುವುದು ಹೇಗೆ? ನೂರು ಪ್ರಶ್ನೆ ಕೇಳಬಹುದು. ನಾನು ನಂಬುವುದು ಒಂದನ್ನು: 'ನಿಮ್ಮ ಲೈನಿನಲ್ಲಿ ಏನು ತೊಂದರೆ ಇದೆ?' ಏನೂ ಇಲ್ಲ ಅಂದರೆ ಎರಡೇ ಅರ್ಥ. ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಮಾರಿದಮೇಲೆ ಮರಿಗಳ ಸುದ್ದಿಯನ್ನೇ ಕೇಳಿಲ್ಲ. ತೊಂದರೆಯಿಲ್ಲದ ಲೈನ್ ಯಾವ ತಳಿಯಲ್ಲೂ ಇಲ್ಲ. 'ಇದರ ತಾಯಿಯ ಅಕ್ಕನಿಗೆ ಐದನೇ ವರ್ಷಕ್ಕೆ ಅಲರ್ಜಿ ಜೋರಾಯಿತು, ಅದಕ್ಕೇ ಈ ಸಲ ಬೇರೆ ಕಡೆಯ ಗಂಡು ತಂದೆ' ಅನ್ನುವವರು ಸಿಕ್ಕರೆ ಕೂತು ಮಾತಾಡಿ. ಕಾಗದದಲ್ಲಿ ಇಲ್ಲದ ನಾಯಿಗಳ ಲೆಕ್ಕ ಇಟ್ಟವರು ಅವರೇ.

ಅದಾದಮೇಲೆ 'ನಿಮ್ಮ ಹಳೆಯ ನಾಯಿಗಳು ಎಷ್ಟು ವರ್ಷ ಬದುಕಿದವು, ಏನಾಗಿ ಹೋದವು?' ಅಂತ ಕೇಳಿ. ನಾಯಿ ಪ್ರೀತಿಸುವವರಿಗೆ ಇದು ನೋವಿನ ಪ್ರಶ್ನೆ. ಆದರೂ ಉತ್ತರ ಕೊಡುತ್ತಾರೆ, ಹೆಸರು ಸಮೇತ. ವಯಸ್ಸಾದ ನಾಯಿಗಳು ಅವರ ಮನೆಯಲ್ಲೇ ಓಡಾಡುತ್ತಿದ್ದರೆ ಇನ್ನೂ ಒಳ್ಳೆಯದು. ಹಿಂದಿನ ಸೂಲಿನಿಂದ ಮರಿ ಕೊಂಡವರ ಹತ್ತಿರ ಮಾತಾಡಿಸಿ ಅನ್ನಿ. ಬ್ರೀಡರ್ ಕೊಡುವ ಹೆಸರುಗಳು ಖುಷಿಯಾಗಿರುವವರದ್ದೇ ಆಗಿರುತ್ತವೆ, ನಿಜ. ಆದರೆ ಅವರ ಹತ್ತಿರ 'ನಿಮ್ಮ ನಾಯಿಯ ಜೊತೆ ಹುಟ್ಟಿದ ಬೇರೆ ಮರಿಗಳು ಎಲ್ಲಿವೆ?' ಅಂತ ಕೇಳಿದರೆ ಸರಪಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದೇ ಸೂಲಿನ ಮರಿ ತಂದವರು ತಮ್ಮತಮ್ಮಲ್ಲೇ ಫೋಟೋ ಕಳಿಸಿಕೊಳ್ಳುತ್ತಾ ಪರಿಚಯ ಇಟ್ಟುಕೊಂಡಿರುವುದು ಸಾಮಾನ್ಯ.

ಯಾವಾಗ ಕೇಳಿದರೂ ಮರಿ ಇದೆ, ಎಲ್ಲ ತಳಿಯೂ ಇದೆ ಅನ್ನುವವರ ಬಗ್ಗೆ, ಮುಂಗಡ ಹಣ ಹಾಕಿದರೆ ಮಾತ್ರ ತಾಯಿಯ ವಿಡಿಯೋ ಕಳಿಸುತ್ತೇನೆ ಅನ್ನುವವರ ಬಗ್ಗೆ, 'ಅಪರೂಪದ ಬಣ್ಣ' ಅಂತ ದುಪ್ಪಟ್ಟು ಕೇಳುವವರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬಣ್ಣದ ಬಗ್ಗೆ ಒಂದು ಮಾತು ಮಾತ್ರ. ಮರ್ಲ್ ಅನ್ನುವ ಮಚ್ಚೆ ಮಚ್ಚೆಯ ಬಣ್ಣ ಚೆಂದವೇ. ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಜೀನ್ ಎರಡು ಕಡೆಯಿಂದಲೂ ಬರುತ್ತದೆ. ಅಂಥವು ಕುರುಡಾಗಿಯೋ ಕಿವುಡಾಗಿಯೋ ಹುಟ್ಟುವ ಅಪಾಯ ಜಾಸ್ತಿ. ಇದು ಗೊತ್ತಿದ್ದೂ ಕೂಡಿಸುವವರಿದ್ದಾರೆ.

ಬ್ರೀಡರ್ ನಿಮ್ಮನ್ನೂ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಯಾರಿರುತ್ತಾರೆ, ದಿನಕ್ಕೆ ಎಷ್ಟು ಹೊತ್ತು ಒಂಟಿ, ಮೊದಲು ನಾಯಿ ಸಾಕಿದ್ದಿರಾ, ಅದು ಏನಾಯಿತು. ಕೆಲವರಿಗೆ ಇದು ಅವಮಾನ ಅನ್ನಿಸುತ್ತದೆ. ಹಣ ಕೊಡುವವನು ನಾನು, ಇವರದ್ದೇನು ಜಬರ್ದಸ್ತಿ ಅಂತ. ಆದರೆ ಸಾಕಲಾಗದಿದ್ದರೆ ಯಾವ ವಯಸ್ಸಿಗಾದರೂ ನಾಯಿಯನ್ನು ನನಗೇ ವಾಪಸ್ ಕೊಡಬೇಕು ಅಂತ ಬರೆಸಿಕೊಳ್ಳುವವರು ಇದೇ ಜನ. ಹೀಗೆ ವಾಪಸ್ ಪಡೆಯುವವರಿಗೇ ತಮ್ಮ ಲೈನ್ ಎಲ್ಲಿ ಎಡವುತ್ತದೆ ಅಂತ ಗೊತ್ತಾಗುವುದು. ಅವರು ನಿಮಗೆ 'ಇಲ್ಲ' ಅಂದರೂ ಕೋಪ ಮಾಡಿಕೊಳ್ಳಬೇಡಿ. 'ನಿಮ್ಮ ಮನೆಗೆ ನಮ್ಮ ನಾಯಿಗಳ ಚುರುಕು ಜಾಸ್ತಿಯಾಯಿತು' ಅನ್ನುವುದು ಬೈಗುಳವಲ್ಲ. ಹಾಗಾದರೆ ಯಾರ ನಾಯಿ ಸರಿಹೋಗುತ್ತದೆ ಅಂತ ಅವರನ್ನೇ ಕೇಳಿ. ಬೇರೆಯವರ ಲೈನುಗಳ ಗುಣದೋಷ ಅವರಿಗೆ ಬಾಯಿಪಾಠವಾಗಿರುತ್ತದೆ.

ಇನ್ನೊಂದನ್ನೂ ಕೇಳಿ ನೋಡಬಹುದು. ಮರಿಯೇ ಬೇಕು ಅಂತಿಲ್ಲದಿದ್ದರೆ, ಶೋಗೋ ಕೆಲಸಕ್ಕೋ ಅಂತ ಬ್ರೀಡರ್ ತಾವೇ ಉಳಿಸಿಕೊಂಡು, ಆಮೇಲೆ ಸಣ್ಣ ಕಾರಣಕ್ಕೆ ಬೇಡ ಅಂದುಕೊಂಡ ದೊಡ್ಡ ನಾಯಿಗಳಿರುತ್ತವೆ. ಒಂದು ಹಲ್ಲು ಕಮ್ಮಿ, ಎತ್ತರ ಒಂದು ಬೆರಳು ಜಾಸ್ತಿ, ಕುರಿಗಳ ಮೇಲೆ ಅಷ್ಟು ಆಸಕ್ತಿ ಇಲ್ಲ, ಇಂಥವು. ಎರಡು ವರ್ಷದ ಅಂಥ ನಾಯಿಯ ಸೊಂಟದ ಎಕ್ಸ್‌ರೇ ಆಗಿರುತ್ತದೆ. ಗುಡುಗಿಗೆ ಹೇಗಿರುತ್ತದೆ, ಮಕ್ಕಳ ಜೊತೆ ಹೇಗಿರುತ್ತದೆ, ಕಾರಿನಲ್ಲಿ ವಾಂತಿ ಮಾಡಿಕೊಳ್ಳುತ್ತದಾ, ಎಲ್ಲ ಗೊತ್ತಾಗಿರು­ತ್ತದೆ. ಬ್ಲಡ್‌ಲೈನ್ ನೋಡಿ ಊಹಿಸಬೇಕಾದ ಬಹುಪಾಲು ಸಂಗತಿ ಅಲ್ಲಿ ಕಣ್ಣೆದುರಿಗೇ ಇರುತ್ತದೆ. ಜಾಹೀರಾತಿನಲ್ಲಿ ಇವು ಕಾಣುವುದು ಅಪರೂಪ, ಬಾಯಿಬಿಟ್ಟು ಕೇಳಬೇಕು. ಬೆಲೆ ಮಾತಾಡುವ ಮೊದಲು ಒಂದು ವಾರ ಮನೆಯಲ್ಲಿಟ್ಟುಕೊಂಡು ನೋಡಲು ಕೊಡುತ್ತೀರಾ ಅಂತಲೂ ಕೇಳಿ, ಕೆಲವರು ಕೊಡುತ್ತಾರೆ.